ಹವ್ಯಾಸಿ ರೇಡಿಯೋ: ಪರವಾನಗಿಗಾಗಿ ಕಾಯುವ ಅವಧಿ

ಹಣದ ಆಸೆಯಿಲ್ಲದೆ, ಕಲಿಕೆ ಮತ್ತು ಸ್ನೇಹಕ್ಕಾಗಿ ಸ್ವಂತ ನಿಸ್ತಂತು ಕೇಂದ್ರವನ್ನು ನಡೆಸುವ ಕಾರ್ಯಕ್ಕೆ ಹವ್ಯಾಸಿ ರೇಡಿಯೋ ಎಂದು ಹೆಸರು. ಇದರಲ್ಲಿ ತೊಡಗಿದವರನ್ನು ‘ಹ್ಯಾಮ್’ ಎಂದು ಕರೆಯುವುದು ರೂಢಿ. ಭಾರತದಲ್ಲಿ ಈ ಹವ್ಯಾಸವು 1921ರಷ್ಟು ಹಿಂದೆಯೇ ಆರಂಭವಾಯಿತು. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ‘ವಿಯು2ಆರ್‌ಜಿ’ ಎಂಬ ಕರೆಸಂಕೇತವನ್ನು ಹೊಂದಿದ್ದರು.

ಹ್ಯಾಮ್ ಆಗಬಯಸುವವರು ಮೊದಲು ಸಂಪರ್ಕ ಸಚಿವಾಲಯದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬೆಂಗಳೂರು ಮತ್ತು ಮಂಗಳೂರುಗಳಲ್ಲಿಯೂ ಈ ಪರೀಕ್ಷೆಗಳು ನಡೆಯುತ್ತ ಬಂದಿವೆ. ರೇಡಿಯೋ ತತ್ತ್ವ ಮತ್ತು ನಿಯಮಾವಳಿ ಇದರ ಎರಡು ಭಾಗಗಳು. 1978ರ ನಿಯಮಗಳಿಗೆ 2009ರಲ್ಲಿ ತಂದ ತಿದ್ದುಪಡಿಯಿಂದ ‘ಸಾಮಾನ್ಯ’ ಮತ್ತು ‘ನಿರ್ಬಂಧಿತ’ ಎಂಬ ಎರಡೇ ದರ್ಜೆಗಳು ಉಳಿದವು.

ತೇರ್ಗಡೆಯಾದವರಲ್ಲಿ ಅನೇಕರು ಇಲ್ಲಿಯೇ ಎಡವುತ್ತಾರೆ. ಪರೀಕ್ಷೆಯ ಪ್ರಮಾಣಪತ್ರವು ಅರ್ಹತೆಯನ್ನು ತೋರಿಸುತ್ತದೆಯೇ ಹೊರತು ಪ್ರಸಾರದ ಹಕ್ಕನ್ನು ಕೊಡುವುದಿಲ್ಲ. ಆ ಹಕ್ಕು ಪರವಾನಗಿಯಿಂದ ಮಾತ್ರ ದೊರೆಯುತ್ತದೆ. ಅದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಹಿಂದಿನ ವರ್ಷಗಳಲ್ಲಿ ಅರ್ಜಿಯು ಗೃಹ ಸಚಿವಾಲಯದ ಪರಿಶೀಲನೆಗೂ ಹೋಗುತ್ತಿದ್ದುದರಿಂದ ಕಾಯುವಿಕೆ ಒಂದು ವರ್ಷವನ್ನು ಮೀರಿದ ಉದಾಹರಣೆಗಳಿವೆ. ‘ಸರಳ ಸಂಚಾರ’ ಎಂಬ ಗಣಕ ಜಾಲದ ವ್ಯವಸ್ಥೆ ಬಂದ ಮೇಲೆ ಅರ್ಜಿಯನ್ನು ಮನೆಯಿಂದಲೇ ಸಲ್ಲಿಸಬಹುದಾಗಿದೆ. ಆದರೂ ಕಾಯುವಿಕೆ ಇಲ್ಲವಾಗಿಲ್ಲ.

ಪರಿಶೀಲನೆ ಇಷ್ಟೇಕೆ ಎಂದು ಅರ್ಜಿದಾರರು ಬೇಸರಪಡುವುದು ಸಹಜವೇ. ಆದರೆ ಅಲೆಗಳಿಗೆ ಗಡಿಯಿಲ್ಲ. ಏಳು ಮೆಗಾಹರ್ಟ್ಸ್ ಆವರ್ತನದಲ್ಲಿ ರಾತ್ರಿ ಆಡಿದ ಮಾತು ಅಯಾನುಗೋಲದಿಂದ ಪ್ರತಿಫಲಿತವಾಗಿ ಸಾವಿರಾರು ಕಿಲೋಮೀಟರು ದೂರದ ದೇಶವನ್ನು ಮುಟ್ಟಬಲ್ಲದು. ಮಾತಾಡಿದವರು ಯಾರೆಂಬುದಕ್ಕೆ ಕರೆಸಂಕೇತವೇ ಗುರುತು. ಅದು ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಸೇರಿದ್ದು. ‘ವಿಯು’ ಎಂದರೆ ಭಾರತ. ಅದರ ಮುಂದಿನ 2 ಸಾಮಾನ್ಯ ದರ್ಜೆಯನ್ನೂ 3 ನಿರ್ಬಂಧಿತ ದರ್ಜೆಯನ್ನೂ ಸೂಚಿಸುತ್ತದೆ.

ಕಾಯುವಿಕೆಯ ಫಲಕ್ಕೆ 2004ರ ಡಿಸೆಂಬರ್ ಸಾಕ್ಷಿಯಾಗಿದೆ. ಅಂಡಮಾನ್ ದ್ವೀಪಗಳಿಂದ ಹವ್ಯಾಸಿ ಪ್ರಸಾರ ನಡೆಸಲು ಬಹುಕಾಲ ಅವಕಾಶವಿರಲಿಲ್ಲ. ಭಾರತಿ ಪ್ರಸಾದ್ ಅವರು ಪ್ರಯತ್ನವನ್ನು ಕೈಬಿಡದೆ ಅನುಮತಿ ಪಡೆದು, ತಂಡದೊಡನೆ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ದೂರವಾಣಿ ಸಂಪರ್ಕ ಕಡಿದಾಗ, ಆ ಕೇಂದ್ರವೇ ಬಂಧುಗಳ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸಿತು.

ಪುಣೆಯ ಹಡಪಸರದ ಬಳಿಯ ಮಗರಪಟ್ಟಾದಂತಹ ಬಹುಮಹಡಿ ವಸತಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಅವಧಿಯಲ್ಲಿ ಇನ್ನೊಂದು ಕೆಲಸವಿದೆ. ಏಳು ಮೆಗಾಹರ್ಟ್ಸ್‌ನ ಅರ್ಧತರಂಗ ಆಂಟೆನಾಕ್ಕೆ ಸುಮಾರು 20 ಮೀಟರು ತಂತಿ ಬೇಕು; ಫ್ಲ್ಯಾಟಿನ ಬಾಲ್ಕನಿಯಲ್ಲಿ ಅದು ಹಿಡಿಸದು. ತಾರಸಿ ಎಲ್ಲರ ಸ್ವತ್ತಾದುದರಿಂದ ವಸತಿ ಸಂಘದ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಒಳ್ಳೆಯದು. 144 ಮೆಗಾಹರ್ಟ್ಸ್‌ಗಾದರೋ ಒಂದು ಮೀಟರಿನ ಕಡ್ಡಿ ಸಾಕು. ನೆರೆಯವರ ಆತಂಕಕ್ಕೆ ಸಮಾಧಾನ ಹೇಳಲು ಇದಕ್ಕಿಂತ ಸೂಕ್ತ ಸಮಯ ಸಿಗದು.

ಅಗ್ಗದ ಕೈ ರೇಡಿಯೋಗಳು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಆಸೆ ಹುಟ್ಟಿಸುವಂತಹವೇ ಅವು. ಪರವಾನಗಿಯಿಲ್ಲದೆ ಪ್ರಸಾರಯಂತ್ರವನ್ನು ಇಟ್ಟುಕೊಳ್ಳುವುದು 1933ರ ಅಧಿನಿಯಮದ ಕಾಲದಿಂದಲೂ ಅಪರಾಧ. 2023ರ ದೂರಸಂಪರ್ಕ ಅಧಿನಿಯಮವೂ ಈ ವಿಷಯದಲ್ಲಿ ಸಡಿಲವಾಗಿಲ್ಲ. ಆದುದರಿಂದ ಕೊಳ್ಳುವುದಕ್ಕೆ ಆತುರ ಕೂಡದು. ಯಾರಾದರೂ ಕರೆದರೆಂದು ಒಂದು ಸಲವೂ ಉತ್ತರಿಸಕೂಡದು. ಮೋರ್ಸ್ ಕಲಿಯಲು ಬಳಸುವ, ಶಬ್ದ ಮಾತ್ರ ಹೊರಡಿಸುವ ಆಂದೋಲಕಕ್ಕೆ ಈ ತೊಡಕಿಲ್ಲ. ಪರವಾನಗಿಯುಳ್ಳ ಹಿರಿಯರ ಪಕ್ಕದಲ್ಲಿ ಕುಳಿತು, ಅವರು ಹೇಗೆ ಕರೆಯುತ್ತಾರೆ, ಎಷ್ಟು ಹೊತ್ತು ಸುಮ್ಮನಿದ್ದು ಆಲಿಸುತ್ತಾರೆ ಎಂಬುದನ್ನು ಗಮನಿಸುವುದು ಪುಸ್ತಕದಲ್ಲಿ ದೊರೆಯದ ಪಾಠ.

ಪರವಾನಗಿ ಕೈಸೇರಿದ ಕೂಡಲೇ ಹೆಸರು, ಕರೆಸಂಕೇತ, ಅವಧಿ ಮತ್ತು ಕೇಂದ್ರದ ವಿಳಾಸಗಳನ್ನು ತಾಳೆ ನೋಡಬೇಕು. ವಿಳಾಸವನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮಗರಪಟ್ಟಾದ ವಿಳಾಸಕ್ಕೆ ಪಡೆದ ಪರವಾನಗಿಯೊಡನೆ ಧಾರವಾಡಕ್ಕೆ ಮನೆ ಬದಲಿಸುವವರು, ಆ ಬದಲಾವಣೆಯನ್ನು ಇಲಾಖೆಗೆ ತಿಳಿಸಿ ಪರವಾನಗಿಯಲ್ಲಿ ದಾಖಲಿಸಿಕೊಳ್ಳಬೇಕು.