ವಿಳಾಸ ತಪ್ಪಿದ ಬೈಗುಳ, ವಿಳಾಸ ತಪ್ಪಿದ ಹೊಗಳಿಕೆ

2024ರ ಜುಲೈ 19, ಶುಕ್ರವಾರ. ಅಮೆರಿಕದಿಂದ ಆಸ್ಟ್ರೇಲಿಯಾದವರೆಗೆ ವಿಮಾನ ನಿಲ್ದಾಣ, ಬ್ಯಾಂಕು, ಆಸ್ಪತ್ರೆಗಳ ಕಂಪ್ಯೂಟರ್ ಪರದೆಗಳು ನೀಲಿಗಟ್ಟಿ ನಿಂತವು. ಭಾರತದಲ್ಲಿ ಇಂಡಿಗೋ ಸಿಬ್ಬಂದಿ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಆ ಚೀಟಿಗಳ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಸಂಜೆಯ ಹೊತ್ತಿಗೆ ತೀರ್ಪೂ ಸಿದ್ಧವಾಗಿತ್ತು: ವಿಂಡೋಸ್ ಕೈಕೊಟ್ಟಿತು. ಲಿನಕ್ಸ್ ಅಭಿಮಾನಿಗಳು ಮೀಸೆ ತಿರುವಿದರು, ಮ್ಯಾಕ್ ಇಟ್ಟುಕೊಂಡವರು ಒಳಗೊಳಗೇ ನಕ್ಕರು.

ಕೈಕೊಟ್ಟದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ತಂತ್ರಾಂಶ. ಅದು ಕೂತು ಕೆಲಸ ಮಾಡುವುದು ಆಪರೇಟಿಂಗ್ ಸಿಸ್ಟಂನ (ಒಎಸ್) ತಿರುಳಾದ ಕರ್ನಲ್‌ನಲ್ಲಿ. ಅಲ್ಲಿ ಎಡವಟ್ಟಾದರೆ ಒಂದು ಪ್ರೋಗ್ರಾಂ ಮಾತ್ರ ನಿಲ್ಲುವುದಿಲ್ಲ, ಇಡೀ ಯಂತ್ರವೇ ಮಗುಚುತ್ತದೆ. ದೋಷವಿದ್ದ ಒಂದು ಅಪ್‌ಡೇಟ್ ಕಡತದಿಂದ ಆದದ್ದು ಅದೇ. ಮೈಕ್ರೋಸಾಫ್ಟ್ ಅಂದಾಜಿನಂತೆ ಮಲಗಿದ ಯಂತ್ರಗಳು 85 ಲಕ್ಷ, ಅಂದರೆ ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಶೇ 1ಕ್ಕೂ ಕಡಿಮೆ. ಆ ಒಂದಂಶ ದೊಡ್ಡ ದೊಡ್ಡ ಸಂಸ್ಥೆಗಳಲ್ಲಿತ್ತು ಎಂಬುದೇ ಗದ್ದಲಕ್ಕೆ ಕಾರಣ. ಮನೆಗಳ ಲ್ಯಾಪ್‌ಟಾಪ್‌ಗಳಿಗೆ ಅಂದು ಏನೂ ಆಗಲಿಲ್ಲ. ಅದೇ ವರ್ಷ ಕೆಲವು ತಿಂಗಳು ಮೊದಲು ಇದೇ ಕಂಪನಿಯ ತಂತ್ರಾಂಶ ಡೆಬಿಯನ್ ಲಿನಕ್ಸ್ ಸರ್ವರ್‌ಗಳನ್ನೂ ಕೆಡವಿತ್ತು. ಆಗ ವಿಮಾನ ನಿಲ್ಲಲಿಲ್ಲ, ಆದ್ದರಿಂದ ಲಿನಕ್ಸನ್ನು ಬೈಯಲು ಯಾರಿಗೂ ನೆನಪಾಗಲಿಲ್ಲ.

ಹಾಗೆಂದು ವಿಂಡೋಸ್ ಪೂರ್ತಿ ನಿರ್ದೋಷಿಯೂ ಅಲ್ಲ. ಆ್ಯಪಲ್ 2019ರ ಕ್ಯಾಟಲಿನಾ ಆವೃತ್ತಿಯಲ್ಲಿ ಹೊರಗಿನವರ ಭದ್ರತಾ ತಂತ್ರಾಂಶಕ್ಕೆ ಕರ್ನಲ್‌ನಿಂದ ಆಚೆಯೇ ಜಾಗ ಮಾಡಿಕೊಡಲು ಆರಂಭಿಸಿತ್ತು. ಮೈಕ್ರೋಸಾಫ್ಟ್ ಹಾಗೆ ಮಾಡಿರಲಿಲ್ಲ. 2009ರಲ್ಲಿ ಯುರೋಪಿಯನ್ ಕಮಿಷನ್‌ಗೆ ಕೊಟ್ಟ ಮಾತು ತನ್ನ ಕೈ ಕಟ್ಟಿಹಾಕಿದೆ ಎಂಬುದು ಅದರ ಸಮಜಾಯಿಷಿ. ಅದನ್ನು ಎಷ್ಟು ನಂಬಬೇಕೆಂಬುದು ಬೇರೆ ಮಾತು. ಒಎಸ್‌ಗಳ ಜಗಳದಲ್ಲಿ ಮತ್ತೆ ಮತ್ತೆ ಕಾಣುವುದು ಇದೇ: ಬೈಗುಳಕ್ಕೂ ಹೊಗಳಿಕೆಗೂ ಕಾರಣವೊಂದು ಇದ್ದೇ ಇರುತ್ತದೆ, ಆದರೆ ಅದು ಜನ ಬೆರಳು ತೋರಿಸುವ ಕಡೆ ಇರುವುದಿಲ್ಲ.

“ಮ್ಯಾಕ್‌ಗೆ ವೈರಸ್ಸೇ ಬರೋದಿಲ್ಲ”

ಪರ್ಸನಲ್ ಕಂಪ್ಯೂಟರ್‌ಗಳ ನಡುವೆ ಹರಡಿದ ಮೊದಮೊದಲ ವೈರಸ್ ಹುಟ್ಟಿದ್ದೇ ಆ್ಯಪಲ್ ಯಂತ್ರದಲ್ಲಿ. 1982ರಲ್ಲಿ ಪೆನ್ಸಿಲ್ವೇನಿಯಾದ ಹದಿನೈದರ ಹುಡುಗ ರಿಚ್ ಸ್ಕ್ರೆಂಟಾ ಗೆಳೆಯರನ್ನು ಗೋಳುಹೊಯ್ದುಕೊಳ್ಳಲು ಆ್ಯಪಲ್-2ಕ್ಕೆ ‘ಎಲ್ಕ್ ಕ್ಲೋನರ್’ ಬರೆದ. ಫ್ಲಾಪಿಯಿಂದ ಫ್ಲಾಪಿಗೆ ದಾಟುತ್ತಿದ್ದ ಅದು ಐವತ್ತನೇ ಸಲ ಯಂತ್ರ ಚಾಲೂ ಮಾಡಿದಾಗ ಒಂದು ಪುಟ್ಟ ಪದ್ಯ ತೋರಿಸುತ್ತಿತ್ತು. ಐಬಿಎಂ ಪಿಸಿಗಳನ್ನು ಕಾಡಿದ ‘ಬ್ರೇನ್’ ಲಾಹೋರಿನಿಂದ ಹೊರಟದ್ದು ನಾಲ್ಕು ವರ್ಷ ತಡವಾಗಿ, 1986ರಲ್ಲಿ.

ಎಲ್ಕ್ ಕ್ಲೋನರ್ ಮ್ಯಾಕಿಂಟಾಷ್ ಹುಟ್ಟುವ ಮೊದಲಿನ ಕಥೆ, ಲೆಕ್ಕಕ್ಕಿಲ್ಲ ಎನ್ನುವವರು 2012ರ ಫ್ಲ್ಯಾಶ್‌ಬ್ಯಾಕ್ ಪ್ರಕರಣ ನೋಡಬಹುದು. ಆ ವರ್ಷ ಸುಮಾರು ಆರು ಲಕ್ಷ ಮ್ಯಾಕ್‌ಗಳು ಈ ದುಷ್ಟ ತಂತ್ರಾಂಶದ ಪಾಲಾದವು. ಅದು ನುಗ್ಗಿದ ಕಿಂಡಿ ಜಾವಾ ಎಂಬ ತಂತ್ರಾಂಶದ್ದು. ಜಾವಾದ ಒಡೆಯ ಒರಾಕಲ್ ಫೆಬ್ರವರಿಯಲ್ಲೇ ಕಿಂಡಿ ಮುಚ್ಚಿತ್ತು. ತನ್ನ ಯಂತ್ರಗಳ ಜಾವಾವನ್ನು ತಾನೇ ವಿತರಿಸುತ್ತಿದ್ದ ಆ್ಯಪಲ್ ಅದನ್ನು ಬಳಕೆದಾರರಿಗೆ ತಲುಪಿಸಿದ್ದು ಏಪ್ರಿಲ್‌ನಲ್ಲಿ. ಪಿಸಿಗಳಿಗೆ ಬರುವ ವೈರಸ್ ಮ್ಯಾಕ್‌ಗೆ ಬರುವುದಿಲ್ಲ ಎಂಬ ಜಾಹೀರಾತಿನ ಸಾಲು ಅದೇ ವರ್ಷ ಕಂಪನಿಯ ಜಾಲತಾಣದಿಂದ ಸದ್ದಿಲ್ಲದೆ ಮಾಯವಾಯಿತು. 2016ರಲ್ಲಿ ಮ್ಯಾಕ್‌ಗಳನ್ನೇ ಗುರಿಯಾಗಿಸಿಕೊಂಡ ‘ಕೆರೇಂಜರ್’ ಎಂಬ ಸುಲಿಗೆ ತಂತ್ರಾಂಶವೂ ಬಂತು.

ಇನ್ನೊಂದು ಕಡೆ, ವಿಂಡೋಸ್‌ನ ಅಭದ್ರತೆಗೆ ಎಲ್ಲರೂ ಕೊಡುವ ಉದಾಹರಣೆ 2017ರ ಮೇ 12ರಂದು ಸ್ಫೋಟಿಸಿದ ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಅಪ್‌ಡೇಟ್ ಮುಂದೂಡಿದವರೇ ಹೆಚ್ಚಾಗಿ ಸಿಕ್ಕಿಬಿದ್ದವರು. ನಮ್ಮಲ್ಲಿ ಕಳ್ಳ ಪ್ರತಿ ಹಾಕಿಕೊಂಡ ಅನೇಕರು ಎಲ್ಲಿ ಸಿಕ್ಕಿಬೀಳುತ್ತೇವೋ ಎಂದು ಅಪ್‌ಡೇಟನ್ನೇ ಬಂದ್ ಮಾಡಿ ಇಟ್ಟಿರುತ್ತಾರೆ. ಆಮೇಲೆ ವಿಂಡೋಸ್ ತುಂಬಾ ವೀಕು ಎಂದು ಬೈಯುವವರೂ ಅವರೇ.

ಫ್ಲ್ಯಾಶ್‌ಬ್ಯಾಕ್, ವಾನಾಕ್ರೈ ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ: ಎರಡರಲ್ಲೂ ಔಷಧಿ ತಯಾರಿತ್ತು, ಒಂದರಲ್ಲಿ ಕಂಪನಿ ತಡಮಾಡಿತು, ಇನ್ನೊಂದರಲ್ಲಿ ಬಳಸುವವರು. ಮ್ಯಾಕ್‌ಗೆ ದಾಳಿ ಕಡಿಮೆ ಎಂಬುದು ನಿಜ. ಸಂಖ್ಯೆಯಲ್ಲಿ ಕಡಿಮೆ ಇರುವ ಯಂತ್ರಗಳ ಹಿಂದೆ ಕಳ್ಳರೂ ಕಡಿಮೆಯೇ ಬೀಳುತ್ತಾರೆ.

“ಲಿನಕ್ಸ್ ಕೋಡ್ ಎಲ್ಲರಿಗೂ ಕಾಣುತ್ತೆ, ಅದಕ್ಕೇ ಸೇಫು”

ಕಾಣುತ್ತದೆ, ಸರಿ. ನೋಡುವವರು ಯಾರು? ಲಿನಕ್ಸ್ ಯಂತ್ರಗಳಲ್ಲಿ ಆದೇಶಗಳನ್ನು ಸ್ವೀಕರಿಸುವ ‘ಬ್ಯಾಷ್’ನಲ್ಲಿ 2014ರಲ್ಲಿ ಪತ್ತೆಯಾದ ಶೆಲ್‌ಶಾಕ್ ದೋಷ 1989ರಿಂದಲೂ ಅಲ್ಲೇ ಇತ್ತು. ಕಾಲು ಶತಮಾನ ಎಲ್ಲರ ಕಣ್ಣೆದುರೇ ಬಿದ್ದಿತ್ತು. 2016ರಲ್ಲಿ ಮಿರಾಯ್ ಎಂಬ ತಂತ್ರಾಂಶ ಕ್ಯಾಮೆರಾ, ರೂಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡು ದೊಡ್ಡ ದೊಡ್ಡ ಜಾಲತಾಣಗಳನ್ನೇ ಉರುಳಿಸಿತು. ಆ ಡಬ್ಬಿಗಳೊಳಗೆ ಓಡುತ್ತಿದ್ದದ್ದು ಲಿನಕ್ಸ್. ಮಿರಾಯನ್ನು ಒಳಬಿಟ್ಟದ್ದು ಮಾತ್ರ ತಯಾರಕರು ಕೊಟ್ಟು ಕಳಿಸಿದ, ಯಾರೂ ಬದಲಿಸದ ಪಾಸ್‌ವರ್ಡ್.

ಇನ್ನೂ ಸ್ವಾರಸ್ಯದ ಪ್ರಕರಣ 2024ರ ಮಾರ್ಚ್‌ನದು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಸಣ್ಣ ಉಪಕರಣದ ನಿರ್ವಹಣೆಗೆ ನೆರವಾಗುತ್ತೇನೆಂದು ವರ್ಷಗಟ್ಟಲೆ ವಿಶ್ವಾಸ ಗಳಿಸಿದ ಅನಾಮಿಕನೊಬ್ಬ ಅದರಲ್ಲಿ ಗುಪ್ತ ಹಿಂಬಾಗಿಲು ಇಟ್ಟಿದ್ದ. ಯಾರಿಗೂ ತಿಳಿಯದೆ ಹೋಗಿದ್ದರೆ ಅದು ಜಗತ್ತಿನ ಅಸಂಖ್ಯ ಸರ್ವರ್‌ಗಳಿಗೆ ನುಗ್ಗುತ್ತಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಕಂಡಿತು. ಬಿಡದೆ ಕೆದಕಿದರು, ಗುಟ್ಟು ಬಯಲಾಯಿತು. ಕೋಡ್ ಎಲ್ಲರಿಗೂ ತೆರೆದಿದ್ದರಿಂದಲೇ ಅವರು ಅಷ್ಟು ಆಳಕ್ಕೆ ಇಳಿಯಲು ಸಾಧ್ಯವಾಯಿತು ಎಂಬುದೂ ಅಷ್ಟೇ ನಿಜ. ಅಂದಹಾಗೆ ಫ್ರಾಯಿಂಡ್ ಕೆಲಸ ಮಾಡುತ್ತಿದ್ದದ್ದು ಮೈಕ್ರೋಸಾಫ್ಟ್‌ನಲ್ಲಿ.

ಲಿನಕ್ಸ್ ಎಂದರೆ ಬಿಡುವಿನ ಹವ್ಯಾಸಿಗಳ ಧರ್ಮಕಾರ್ಯ ಎಂಬ ನಂಬಿಕೆಗೂ ಇದೇ ಉತ್ತರ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದಾಗ ಅದು ಹವ್ಯಾಸವೇ. ಇಂದು ಕರ್ನಲ್‌ನ ಬಹುಪಾಲು ಕೋಡ್ ಬರೆಯುವವರು ಇಂಟೆಲ್, ಗೂಗಲ್, ರೆಡ್ ಹ್ಯಾಟ್‌ನಂಥ ಕಂಪನಿಗಳ ಸಂಬಳದಾರರು. ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ ಕೊಂಡದ್ದು 3,400 ಕೋಟಿ ಡಾಲರಿಗೆ. ಧರ್ಮಕಾರ್ಯಕ್ಕೆ ಯಾರೂ ಅಷ್ಟು ಕೊಡುವುದಿಲ್ಲ. ಲಿನಕ್ಸ್ ಯಾರು ಬಳಸುತ್ತಾರೆ ಎಂದು ಕೇಳುವವರ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಲಿನಕ್ಸ್ ಕರ್ನಲ್ ಇದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಬೇರೆ ಒಎಸ್ ಇಲ್ಲವೇ ಇಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿರುವ ‘ಪರಮ್ ಪ್ರವೇಗ’ ಓಡುವುದೂ ಲಿನಕ್ಸ್ ಮೇಲೆಯೇ.

ಒಂದಿಷ್ಟು ಚಿಲ್ಲರೆ ನಂಬಿಕೆಗಳನ್ನು ಇಲ್ಲೇ ಮುಗಿಸಿಬಿಡಬಹುದು. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ನಾಲ್ಕು ಸಲ ರಿಫ್ರೆಶ್ ಒತ್ತಿದರೆ ಕಂಪ್ಯೂಟರ್ ಚುರುಕಾಗುತ್ತದೆ ಎಂಬುದು ನಮ್ಮ ಕಂಪ್ಯೂಟರ್ ಕ್ಲಾಸುಗಳು ಒಂದು ತಲೆಮಾರಿಗೆ ಕಲಿಸಿದ ಪೂಜಾವಿಧಿ. ರಿಫ್ರೆಶ್ ಮಾಡುವುದು ಪರದೆಯ ಮೇಲಿನ ಐಕಾನ್‌ಗಳನ್ನು ಮತ್ತೆ ಬಿಡಿಸುವ ಕೆಲಸ, ಅಷ್ಟೇ. ಮೆಮೊರಿಯನ್ನು ಅದು ಮುಟ್ಟುವುದೂ ಇಲ್ಲ. ವಿಂಡೋಸ್ ಒಳಗೆ ಇಂದಿಗೂ ಹಳೆಯ ಡಾಸ್ ಇದೆ ಎಂಬುದೂ ಸುಳ್ಳು. ವಿಂಡೋಸ್ 95, 98 ಡಾಸ್‌ಗೆ ಅಂಟಿಕೊಂಡಿದ್ದವು. ಮೈಕ್ರೋಸಾಫ್ಟ್‌ನ ಡೇವ್ ಕಟ್ಲರ್ ತಂಡ ಹೊಸದಾಗಿ ಕಟ್ಟಿ 1993ರಲ್ಲಿ ಹೊರತಂದ ವಿಂಡೋಸ್ ಎನ್‌ಟಿಯೇ 2001ರ ಎಕ್ಸ್‌ಪಿಯಿಂದೀಚೆಗೆ ಎಲ್ಲ ವಿಂಡೋಸ್‌ನ ಅಡಿಪಾಯ. ಆದೇಶ ಟೈಪಿಸುವ ಕಪ್ಪು ಕಿಟಕಿ ಕಂಡ ಮಾತ್ರಕ್ಕೆ ಅದು ಡಾಸ್ ಆಗುವುದಿಲ್ಲ.

“ಲಿನಕ್ಸ್ ಹಾಕಿದರೆ ಖರ್ಚೇ ಇಲ್ಲ”

ಜರ್ಮನಿಯ ಮ್ಯೂನಿಕ್ ನಗರಾಡಳಿತ 2003ರಲ್ಲಿ ವಿಂಡೋಸ್ ಬಿಡಲು ನಿರ್ಧರಿಸಿ, ಸುಮಾರು 15 ಸಾವಿರ ಕಂಪ್ಯೂಟರ್‌ಗಳನ್ನು ‘ಲಿಮಕ್ಸ್’ ಎಂಬ ತನ್ನದೇ ಲಿನಕ್ಸ್‌ಗೆ ಬದಲಿಸುವುದರಲ್ಲಿ ಹತ್ತು ವರ್ಷ ಕಳೆಯಿತು. 2017ರಲ್ಲಿ ಅದೇ ನಗರಸಭೆ ವಿಂಡೋಸ್‌ಗೆ ಮರಳಲು ಮತ ಹಾಕಿತು. 2020ರಲ್ಲಿ ಬಂದ ಹೊಸ ಮೈತ್ರಿಕೂಟ ಸಾಧ್ಯವಾದಲ್ಲೆಲ್ಲ ಮುಕ್ತ ತಂತ್ರಾಂಶವೇ ಎಂದು ಮತ್ತೆ ಘೋಷಿಸಿತು. ಲೈಸೆನ್ಸ್ ಹಣ ಉಳಿದದ್ದು ನಿಜ. ಆದರೆ ಹಳೆಯ ಕಡತಗಳ ಪರಿವರ್ತನೆ, ಸಿಬ್ಬಂದಿ ತರಬೇತಿ, ಆಡಳಿತ ಬದಲಾದಂತೆ ಬದಲಾಗುವ ಮನಸ್ಸು, ಇವಕ್ಕೆಲ್ಲ ಬೆಲೆ ತೆರಬೇಕಾಯಿತು.

ಫ್ರಾನ್ಸಿನ ಜಾಂಡಾರ್ಮರಿ ಪೊಲೀಸ್ ಪಡೆ ಜಾಣತನ ತೋರಿತು. 2005ರಲ್ಲಿ ಮೊದಲು ಬದಲಿಸಿದ್ದು ಆಫೀಸ್ ತಂತ್ರಾಂಶವನ್ನು, ಆಮೇಲೆ ಬ್ರೌಸರ್ ಮತ್ತು ಮೇಲ್ ತಂತ್ರಾಂಶವನ್ನು. ಸಿಬ್ಬಂದಿಯ ಕೈ ಅವಕ್ಕೆ ಪಳಗಿದ ಮೇಲೆ ಕೆಳಗಿನ ವಿಂಡೋಸ್ ತೆಗೆದು ಉಬುಂಟು ಲಿನಕ್ಸ್ ಇಟ್ಟರು. ಹತ್ತಾರು ಸಾವಿರ ಯಂತ್ರಗಳಲ್ಲಿ ಅದು ಉಳಿದುಕೊಂಡಿದೆ.

ಅಷ್ಟು ದೂರ ಹೋಗಬೇಕಾಗಿಲ್ಲ, ಪಕ್ಕದ ಕೇರಳವೇ ಇದೆ. ಅಲ್ಲಿನ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಇರುವುದು ‘ಕೈಟ್’ ಸಂಸ್ಥೆ ಉಬುಂಟು ಆಧರಿಸಿ ಸಿದ್ಧಪಡಿಸಿದ ಲಿನಕ್ಸ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಇದರಲ್ಲೇ. ಈ ಯೋಜನೆ ನಿಂತದ್ದು ತಂತ್ರಾಂಶ ಪುಕ್ಕಟೆ ಎಂಬುದರಿಂದಷ್ಟೇ ಅಲ್ಲ. ಮೇಷ್ಟರುಗಳಿಗೆ ತರಬೇತಿ ಕೊಟ್ಟು, ಪಠ್ಯಪುಸ್ತಕವನ್ನೇ ಅದಕ್ಕೆ ತಕ್ಕಂತೆ ಬರೆದದ್ದರಿಂದ. ಬರೀ ಸಿ.ಡಿ. ಹಂಚಿದ್ದರೆ ಅವು ಬೀರುವಿನಲ್ಲೇ ಇರುತ್ತಿದ್ದವು.

“ಕನ್ನಡಕ್ಕೆ ವಿಂಡೋಸೇ ಬೇಕು”

ಕರ್ನಾಟಕದ ಕಚೇರಿ, ಡಿಟಿಪಿ ಅಂಗಡಿ, ಪತ್ರಿಕಾಲಯಗಳಲ್ಲಿ ಇದು ಗಟ್ಟಿಯಾಗಿ ಕೂತ ನಂಬಿಕೆ. ಲಿನಕ್ಸ್‌ನಲ್ಲೋ ಮ್ಯಾಕ್‌ನಲ್ಲೋ ಹಳೆಯ ಕಡತ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡವರು ಮತ್ತೇನು ತಾನೆ ಹೇಳಿಯಾರು?

ದೋಷ ಕಡತದ ಹುಟ್ಟಿನಲ್ಲಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಯೂನಿಕೋಡ್ ಬಳಕೆಗೆ ಬಾರದ ಕಾಲದಲ್ಲಿ ಅದೊಂದು ಉಪಾಯ. ಕಂಪ್ಯೂಟರಿನಲ್ಲಿ ಕನ್ನಡ ಬೇರೂರಲು ಆ ಉಪಾಯವೂ ನೆರವಾಯಿತು. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಆ ಕಡತದಲ್ಲಿ ಕನ್ನಡ ಎಂಬುದೇ ಇಲ್ಲ. ಅದೇ ಫಾಂಟ್ ಇಲ್ಲದಿದ್ದರೆ ವಿಂಡೋಸ್‌ನಲ್ಲಿ ಕಾಣುವುದೂ ಅದೇ ಇಂಗ್ಲಿಷ್ ರಾಶಿ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್ 2001ರ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟ್ ಕೊಟ್ಟಿತು. ಈ ವಿಷಯದಲ್ಲಿ ವರ್ಷಗಟ್ಟಲೆ ಹಿಂದುಳಿದದ್ದು ಮ್ಯಾಕ್. ಲಿನಕ್ಸ್‌ಗೆ ಲೋಹಿತ್, ಮಲ್ಲಿಗೆ, ಗುಬ್ಬಿ, ನವಿಲು ಫಾಂಟ್‌ಗಳು ಮುಕ್ತವಾಗಿ ಸಿಗುತ್ತವೆ, ಕಗಪ ಕೀಲಿಮಣೆಯ ವಿನ್ಯಾಸವೂ ಅದರೊಳಗೇ ಇದೆ. ಯೂನಿಕೋಡ್‌ನಲ್ಲಿ ಬರೆದ ಪತ್ರಕ್ಕೆ ಮೂರೂ ಒಎಸ್ ಒಂದೇ. ಅಂಗಡಿಗಳನ್ನು ಹಳೆಯ ಗೂಟಕ್ಕೆ ಕಟ್ಟಿಹಾಕಿದ್ದು ಪುಟ ವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್. 2001ರ ಏಳನೇ ಆವೃತ್ತಿಗೆ ಅಡೋಬಿ ಅದನ್ನು ನಿಲ್ಲಿಸಿತು, ಕನ್ನಡ ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ. ಲಗ್ನಪತ್ರಿಕೆ ಅಚ್ಚು ಹಾಕುವವರು ಬಿಡಲಾರದೆ ಅಪ್ಪಿಕೊಂಡಿರುವುದು ಅದನ್ನು, ವಿಂಡೋಸನ್ನಲ್ಲ.

ಯಾವ ಒಎಸ್ ಒಳ್ಳೆಯದು ಎಂಬ ವಾದ ಬಹಳಷ್ಟು ಸಲ ಮುಗಿಯುವುದೇ ಹೀಗೆ, ಯಾವ ತಂತ್ರಾಂಶ ಬೇಕು ಎಂಬಲ್ಲಿ. ಬೆಂಗಳೂರಿನಲ್ಲೇ ಬೆಳೆದ ಟ್ಯಾಲಿಯನ್ನು ನೆಚ್ಚಿಕೊಂಡ ಲೆಕ್ಕಿಗರಿಗೆ ಲಿನಕ್ಸ್‌ನ ಗುಣಗಾನ ಮಾಡಿ ಫಲವಿಲ್ಲ. ಟ್ಯಾಲಿ ಪ್ರೈಮ್ ಬರೆದಿರುವುದು ವಿಂಡೋಸ್‌ಗೆ. ಫೋಟೊಶಾಪ್ ಲಿನಕ್ಸ್‌ಗೆ ಬರಲೇ ಇಲ್ಲ. ಆಟಗಳ ಮಾತು ಬೇರೆ: ವಾಲ್ವ್ ಕಂಪನಿ 2018ರಲ್ಲಿ ತಂದ ‘ಪ್ರೋಟಾನ್’ ಸಾವಿರಾರು ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುತ್ತದೆ. ಆದರೂ ವ್ಯಾಲರಂಟ್ ಆಡುವ ಹುಡುಗರು ವಿಂಡೋಸ್ ಬಿಡಲಾರರು, ಮೋಸ ತಡೆಯುವ ಅದರ ಕಾವಲುಗಾರ ಅಲ್ಲಿನ ಕರ್ನಲ್ ಬಿಟ್ಟು ಬರುವುದಿಲ್ಲ.

“ವಿಂಡೋಸ್ 10 ಮುಗೀತು, ಲ್ಯಾಪ್‌ಟಾಪ್ ಬಿಸಾಕಿ”

2025ರ ಅಕ್ಟೋಬರ್ 14ರಂದು ಮುಗಿದದ್ದು ವಿಂಡೋಸ್ 10ರ ಮಾಮೂಲಿ ಬೆಂಬಲ. ಯಂತ್ರಗಳು ಮರುದಿನವೂ ಚಾಲೂ ಆದವು. ಮನೆ ಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯನ್ನೂ ಮೈಕ್ರೋಸಾಫ್ಟ್ ಕೊಟ್ಟಿತು.

ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿದೊಡನೆ ಹೊಸದಾಗುತ್ತದೆ ಎಂಬ ಹೊಗಳಿಕೆಯಲ್ಲೂ ಅರ್ಧ ಪಾಲು ಬೇರೆಯವರದು. ಎಷ್ಟೋ ಕಡೆ ಲಿನಕ್ಸ್ ಹಾಕುವಾಗಲೇ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿರುತ್ತಾರೆ. ಆ ವೇಗ ಎಸ್‌ಎಸ್‌ಡಿಯದು, ವಿಂಡೋಸ್ ಇದ್ದರೂ ಸಿಗುತ್ತಿತ್ತು. ಇಪ್ಪತ್ತು ಟ್ಯಾಬ್ ತೆರೆದ ಕ್ರೋಮ್ ಯಾವ ಒಎಸ್‌ನಲ್ಲೂ ಹಗುರವಲ್ಲ. ಮ್ಯಾಕ್‌ಗಂತೂ ಈ ಚಿಕಿತ್ಸೆ ಕಷ್ಟ; ಈಗಿನ ಮ್ಯಾಕ್‌ಬುಕ್‌ಗಳಲ್ಲಿ ಎಸ್‌ಎಸ್‌ಡಿಯೂ ಮೆಮೊರಿಯೂ ಬೆಸುಗೆಯಾಗಿ ಬರುವುದರಿಂದ ಕೊಳ್ಳುವ ದಿನ ಆರಿಸಿದ್ದೇ ಕೊನೆ.

ವಿಂಡೋಸ್ 11 ಹಾಕಲು ಹೋದಾಗ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲ ಎಂಬ ಸಂದೇಶ ಕಂಡು ಹೊಸ ಲ್ಯಾಪ್‌ಟಾಪ್ ಕೊಳ್ಳಲು ಹೊರಟವರು ಒಮ್ಮೆ ಬಯಾಸ್ ಸೆಟ್ಟಿಂಗ್ ತೆರೆದು ನೋಡುವುದು ಒಳ್ಳೆಯದು. ಚಿಪ್ ಯಂತ್ರದಲ್ಲೇ ಇದ್ದು, ಕಾರ್ಖಾನೆಯಿಂದ ಆಫ್ ಆಗಿಯೇ ಬಂದಿರುವುದುಂಟು. ಪ್ರೊಸೆಸರ್ ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದಾಗಿದ್ದರೆ ಮಾತ್ರ ಬೇರೆ ದಾರಿ ಹುಡುಕಬೇಕು, ಲಿನಕ್ಸ್‌ನ ಉಬುಂಟುವೋ ಮಿಂಟೋ. ಅದನ್ನೂ ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ ವೈಫೈ, ಪ್ರಿಂಟರ್, ಕನ್ನಡ ಕೀಲಿಮಣೆ ಮೂರೂ ಕೆಲಸ ಮಾಡುತ್ತವೆಯೇ ಎಂದು ನೋಡಿಕೊಳ್ಳಬಹುದು. ಹಾರ್ಡ್ ಡಿಸ್ಕ್‌ನಲ್ಲಿರುವ ಒಂದು ಕಡತವೂ ಅಳಿಯುವುದಿಲ್ಲ.