ವೇಗದ ಕಾರು, ಕಳಪೆ ಕೆಲಸ: ವಾಹನ ಮಾರ್ಪಾಡಿನಲ್ಲಿ ಗ್ರಾಹಕರು ಅರಿಯಬೇಕಾದುದು

ಮೋಟಾರು ಕಾರು ಇಂದು ಕೇವಲ ಸಂಚಾರದ ಸಾಧನವಾಗಿ ಉಳಿದಿಲ್ಲ. ಅನೇಕರಿಗೆ ಅದು ಅಭಿರುಚಿಯ ವಸ್ತುವೂ ಆಗಿದೆ. ಕಾರ್ಖಾನೆಯಿಂದ ಬಂದ ಕಾರಿನ ಶಕ್ತಿ ಸಾಲದೆಂದು ಭಾವಿಸಿ, ಅದನ್ನು ಇನ್ನಷ್ಟು ವೇಗಶಾಲಿಯಾಗಿ ಮಾಡಿಸಿಕೊಳ್ಳುವವರು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಂತಹ ನಗರಗಳಲ್ಲಿ ಇದ್ದಾರೆ. ಈ ಕೆಲಸವನ್ನೇ ವೃತ್ತಿಯಾಗಿಸಿಕೊಂಡ ಗ್ಯಾರೇಜುಗಳೂ ಅಲ್ಲಿವೆ. ಇವುಗಳಲ್ಲಿ ಕೆಲವು ನುರಿತ ತಂತ್ರಜ್ಞರಿಂದ ನಡೆಯುತ್ತವೆ. ಇನ್ನು ಕೆಲವು ಹೆಸರಿನ ಬಲದಿಂದಲೇ ನಡೆಯುತ್ತವೆ. ಇವೆರಡರ ನಡುವಣ ವ್ಯತ್ಯಾಸವು ಕಾರನ್ನು ಮರಳಿ ಪಡೆಯುವ ದಿನ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ. ಇಂಜಿನು ಗರ್ಜಿಸುತ್ತದೆ, ಹೊಸ ಬಣ್ಣ ಹೊಳೆಯುತ್ತದೆ. ಒಳಗಿನ ಲೋಪವು ಹೊರಬೀಳುವುದು ಕೆಲವು ತಿಂಗಳುಗಳ ನಂತರ, ಅದೂ ಇಂಜಿನಿನ ಮೇಲೆ ಪೂರ್ಣ ಹೊರೆ ಬಿದ್ದಾಗ, ಎಂದರೆ ಬಹುಮಟ್ಟಿಗೆ ಹೆದ್ದಾರಿಯಲ್ಲಿ. ಆದುದರಿಂದ ಇಲ್ಲಿ ಪಣಕ್ಕೆ ಬಿದ್ದಿರುವುದು ಮಾಲೀಕರ ಹಣ ಮಾತ್ರವಲ್ಲ. ಅವರ ಹಾಗೂ ರಸ್ತೆಯಲ್ಲಿರುವ ಇತರರ ಪ್ರಾಣವೂ ಆಗಿದೆ.

ಕಾರು ಒಂದು ಸಮತೋಲನ

ತಯಾರಕರು ಒಂದು ಮಾದರಿಯನ್ನು ರೂಪಿಸುವಾಗ ಇಂಜಿನು, ಕ್ಲಚ್ಚು, ಗೇರುಪೆಟ್ಟಿಗೆ, ಬ್ರೇಕು, ಸ್ಪ್ರಿಂಗು, ಟೈರುಗಳನ್ನು ಪರಸ್ಪರ ಹೊಂದುವಂತೆ ಲೆಕ್ಕ ಹಾಕಿರುತ್ತಾರೆ. ಇವುಗಳಲ್ಲಿ ಒಂದನ್ನು ಬದಲಿಸಿದರೆ ಉಳಿದವುಗಳ ಮೇಲಿನ ಭಾರವೂ ಬದಲಾಗುತ್ತದೆ. ಇಂಜಿನಿನ ಎಳೆತವನ್ನು ಹೆಚ್ಚಿಸಿ ಕ್ಲಚ್ಚನ್ನು ಹಾಗೆಯೇ ಬಿಟ್ಟರೆ ಕ್ಲಚ್ಚು ಜಾರತೊಡಗುತ್ತದೆ. ವೇಗವನ್ನು ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಟ್ಟರೆ ಅಪಾಯ ಇನ್ನೂ ದೊಡ್ಡದು. ಚಲಿಸುವ ವಾಹನದ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರಿಗಿಂತ 120 ಕಿಲೋಮೀಟರ್ ವೇಗದಲ್ಲಿರುವ ಅದೇ ಕಾರಿನಲ್ಲಿ ನಾಲ್ಕು ಪಟ್ಟು ಶಕ್ತಿಯಿರುತ್ತದೆ. ನಿಲ್ಲಿಸುವಾಗ ಬ್ರೇಕುಗಳು ಈ ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕು. ಬ್ರೇಕಿನ ಎಣ್ಣೆಯು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹಳೆಯದಾದಂತೆ ಅದು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಕುದಿದಾಗ ಕೊಳವೆಯಲ್ಲಿ ಆವಿ ತುಂಬಿ, ಪೆಡಲು ಒತ್ತಿದರೂ ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಇಂಜಿನಿಗೆ ಮಾತ್ರ ದರ ಹೇಳಿ, ಬ್ರೇಕಿನ ವಿಷಯವನ್ನೇ ಎತ್ತದ ಗ್ಯಾರೇಜಿನ ಕೆಲಸವನ್ನು ಆರಂಭದಲ್ಲೇ ಶಂಕಿಸಬೇಕಾಗುತ್ತದೆ.

ದೋಷಗಳು ಹುಟ್ಟುವ ಸ್ಥಳಗಳು

ಇಂದಿನ ಕಾರುಗಳಲ್ಲಿ ಇಂಧನದ ಪ್ರಮಾಣವನ್ನೂ ಕಿಡಿ ಹಾರುವ ಕ್ಷಣವನ್ನೂ ನಿರ್ಧರಿಸುವುದು ಇ.ಸಿ.ಯು. ಎಂಬ ಪುಟ್ಟ ಗಣಕಯಂತ್ರ. ಅದರೊಳಗಿನ ಅಂಕಿಗಳನ್ನು ಬದಲಿಸುವುದೇ ಶಕ್ತಿ ಹೆಚ್ಚಿಸುವ ಅತ್ಯಂತ ಸುಲಭ ವಿಧಾನ. ಶುದ್ಧ ಪೆಟ್ರೋಲಿನ ಒಂದು ಭಾಗ ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಭಾಗ ಸಾಕು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರಿಂದ ನಮ್ಮ ದೇಶದ ಪೆಟ್ರೋಲ್ ಬಂಕುಗಳಲ್ಲಿ ದೊರೆಯತೊಡಗಿತು. ಹೀಗಿರುವಾಗ ಬೇರೆ ದೇಶದ ಇಂಧನಕ್ಕಾಗಿ ಸಿದ್ಧಪಡಿಸಿದ ಅಂಕಿಗಳನ್ನು ಪರೀಕ್ಷಿಸದೆ ಇಲ್ಲಿನ ಕಾರಿಗೆ ತುಂಬುವುದು ಬೇಜವಾಬ್ದಾರಿಯ ಕೆಲಸ. ಹೊರೆ ಬಿದ್ದಾಗ ಇಂಧನ ಸಾಲದಿದ್ದರೆ, ಅಥವಾ ಕಿಡಿ ಬೇಗನೆ ಹಾರಿದರೆ, ಸಿಲಿಂಡರಿನೊಳಗಿನ ಮಿಶ್ರಣವು ಅಕಾಲದಲ್ಲಿ ಸ್ಫೋಟಿಸುತ್ತದೆ. ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ. ಇದು ಮುಂದುವರಿದರೆ ಪಿಸ್ಟನ್ ಬಿರಿಯಬಹುದು ಇಲ್ಲವೆ ಕರಗಬಹುದು.

ಟರ್ಬೋಚಾರ್ಜರ್ ಅಳವಡಿಕೆಯಲ್ಲಿ ಬೇರೊಂದು ಬಗೆಯ ಅಪಾಯವಿದೆ. ಇದರ ದಂಡವು ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದನ್ನು ಕಾಯುವುದು ತೆಳುವಾದ ಎಣ್ಣೆಯ ಪದರ ಮಾತ್ರ. ಎಣ್ಣೆಯ ಕೊಳವೆಯನ್ನು ಚೂಪಾಗಿ ಬಗ್ಗಿಸಿದರೆ ಎಣ್ಣೆ ಸಾಲದೆ ದಂಡ ಹಾಳಾಗುತ್ತದೆ. ಕಾದು ಕೆಂಪಾಗುವ ಹೊಗೆಕೊಳವೆಯ ಪಕ್ಕದಲ್ಲಿ ರಕ್ಷಣೆಯಿಲ್ಲದೆ ಅದನ್ನು ಹಾಯಿಸಿದರೆ, ಒಂದು ಸಣ್ಣ ಸೋರಿಕೆಯೂ ಬೆಂಕಿಗೆ ಕಾರಣವಾಗಬಲ್ಲದು.

ವಿದ್ಯುತ್ ಕೆಲಸದಲ್ಲಿ ಕಂಡುಬರುವ ಲೋಪಗಳು ಇನ್ನೂ ಸಾಮಾನ್ಯ. ವೈರುಗಳ ತುದಿಗಳನ್ನು ತಿರುಚಿ ಟೇಪು ಸುತ್ತುವುದು, ಬ್ಯಾಟರಿಯಿಂದ ಹೊರಟ ತಂತಿಗೆ ಅದರ ಸಮೀಪದಲ್ಲಿಯೇ ಫ್ಯೂಸು ಹಾಕದಿರುವುದು, ತಗಡಿನ ರಂಧ್ರದ ಮೂಲಕ ರಬ್ಬರಿನ ಕಾಪು ಇಲ್ಲದೆ ವೈರನ್ನು ಎಳೆಯುವುದು ಇವು ಅವುಗಳಲ್ಲಿ ಮುಖ್ಯವಾದವು. ಅಲುಗಾಟದಿಂದ ವೈರಿನ ಹೊದಿಕೆ ಸವೆದು ತಗಡಿಗೆ ತಾಗಿದಾಗ, ಫ್ಯೂಸಿಲ್ಲದ ತಂತಿಯು ಉರಿಯುವ ಬತ್ತಿಯಂತಾಗುತ್ತದೆ.

ಕಾರಿನ ಎತ್ತರವನ್ನು ತಗ್ಗಿಸಲು ಸ್ಪ್ರಿಂಗಿನ ಸುರುಳಿಯನ್ನು ಗ್ಯಾಸಿನ ಜ್ವಾಲೆಯಿಂದ ಕತ್ತರಿಸುವ ಪದ್ಧತಿ ಕೆಲವೆಡೆ ಇದೆ. ಸ್ಪ್ರಿಂಗಿನ ಉಕ್ಕು ತನ್ನ ಪುಟಿತವನ್ನು ಪಡೆದಿರುವುದು ನಿಯಂತ್ರಿತ ಶಾಖ ಸಂಸ್ಕಾರದಿಂದ. ಜ್ವಾಲೆ ತಾಗಿದ ಭಾಗದಲ್ಲಿ ಆ ಗುಣ ಕೆಡುತ್ತದೆ. ಕತ್ತರಿಸಿದ ತುದಿಯು ತನ್ನ ಪೀಠದಲ್ಲಿ ಸರಿಯಾಗಿ ಕೂರುವುದೂ ಇಲ್ಲ. ದೊಡ್ಡ ಗುಂಡಿಯಲ್ಲಿ ಚಕ್ರ ಇಳಿದಾಗ ಅದು ಸ್ಥಾನ ತಪ್ಪಬಹುದು. ಚಕ್ರದ ನಟ್ಟುಗಳ ವಿಷಯವೂ ಇಂಥದೇ. ತಯಾರಕರು ಸೂಚಿಸಿದ ಬಿಗಿತವನ್ನು ಅಳೆಯುವ ಟಾರ್ಕ್ ರೆಂಚನ್ನು ಬಳಸದೆ, ಗಾಳಿಯ ಗನ್ನಿನಿಂದ ಅಂದಾಜಿಗೆ ಬಿಗಿದರೆ ನಟ್ಟುಗಳು ಸಡಿಲವಾಗಿಯೋ ಅತಿ ಬಿಗಿಯಾಗಿಯೋ ಉಳಿಯುತ್ತವೆ. ಹೊಸ ಚಕ್ರ ಹಾಕಿದ ನಂತರ ಮೊದಲ 50ರಿಂದ 100 ಕಿಲೋಮೀಟರಿನೊಳಗೆ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸುವುದು ಒಳ್ಳೆಯ ಗ್ಯಾರೇಜಿನ ಲಕ್ಷಣ.

ಹೊಣೆ ಹೊತ್ತ ಕೆಲಸ

ಮಾರ್ಪಾಡು ಎಂದ ಮಾತ್ರಕ್ಕೆ ಅದು ಕಳಪೆಯಾಗಬೇಕೆಂದಿಲ್ಲ. ಜರ್ಮನಿಯಲ್ಲಿ 1967ರಲ್ಲಿ ಆರಂಭವಾದ ಎ.ಎಂ.ಜಿ. ಸಂಸ್ಥೆಯು ಮರ್ಸಿಡಿಸ್ ಕಾರುಗಳನ್ನು ಪಂದ್ಯಗಳಿಗಾಗಿ ಮಾರ್ಪಡಿಸುತ್ತ ಬೆಳೆದು, ಕೊನೆಗೆ ಆ ತಯಾರಕರ ಅಂಗಸಂಸ್ಥೆಯೇ ಆಯಿತು. ಅದರ ಹಲವು ಇಂಜಿನುಗಳನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕುಶಲಕರ್ಮಿ ಜೋಡಿಸಿ, ತನ್ನ ಸಹಿಯ ಫಲಕವನ್ನು ಇಂಜಿನಿನ ಮೇಲೆ ಅಂಟಿಸುತ್ತಾನೆ. ಅದೇ ದೇಶದ ಆಲ್ಪಿನಾ ಸಂಸ್ಥೆಗೆ 1983ರಲ್ಲಿ ವಾಹನ ತಯಾರಕರೆಂಬ ಅಧಿಕೃತ ಮಾನ್ಯತೆ ದೊರೆಯಿತು. ನಮ್ಮ ದೇಶದಲ್ಲಿಯೂ ಕೊಯಮತ್ತೂರಿನ ಜಯೇಮ್ ಆಟೋಮೋಟಿವ್ಸ್ ಸಂಸ್ಥೆಯು ಟಾಟಾ ಮೋಟಾರ್ಸ್ ಜೊತೆಗೂಡಿ ರೂಪಿಸಿದ ಟಿಯಾಗೊ ಜೆ.ಟಿ.ಪಿ. ಮತ್ತು ಟಿಗೋರ್ ಜೆ.ಟಿ.ಪಿ. ಮಾದರಿಗಳು 2018ರಲ್ಲಿ ಮಾರುಕಟ್ಟೆಗೆ ಬಂದವು. ಅವುಗಳ ಉತ್ಪಾದನೆ ಈಗ ನಿಂತಿದೆ. ಆದರೆ ಟರ್ಬೋ ಇಂಜಿನಿನೊಂದಿಗೆ ಸ್ಪ್ರಿಂಗು, ಟೈರುಗಳನ್ನೂ ಒಟ್ಟಾಗಿ ಬದಲಿಸಿ, ತಯಾರಕರೇ ಹೊಣೆ ಹೊತ್ತು ಮಾರಿದ ಕಾರುಗಳು ಅವು. ಈ ಮೂರೂ ಉದಾಹರಣೆಗಳು ಸೂಚಿಸುವ ಸಂಗತಿ ಒಂದೇ: ಒಳ್ಳೆಯ ಕೆಲಸಕ್ಕೆ ಹೊಣೆಗಾರನೊಬ್ಬನಿರುತ್ತಾನೆ, ದಾಖಲೆಯೂ ಇರುತ್ತದೆ.

ಕಾನೂನಿನ ಮಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೆಯ ಪ್ರಕರಣವು, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂದು ವಿಧಿಸುತ್ತದೆ. ಸಿ.ಎನ್.ಜಿ., ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಒಗ್ಗಿಸುವ ಅನುಮೋದಿತ ಅಳವಡಿಕೆಗಳಿಗೆ ನಿಯಮಗಳಿಗೊಳಪಟ್ಟು ಅವಕಾಶವಿದೆ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೇಲ್ಮನವಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಧಿನಿಯಮಕ್ಕೆ ತಂದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು. ಹೊಗೆಯ ಮತ್ತು ಸದ್ದಿನ ಮಿತಿಗಳು ಇದಕ್ಕೆ ಹೊರತಾಗಿ ಪ್ರತ್ಯೇಕವಾಗಿ ಅನ್ವಯಿಸುತ್ತವೆ.

ಗ್ಯಾರೇಜಿನವರು “ಎಲ್ಲರೂ ಮಾಡಿಸುತ್ತಾರೆ” ಎಂದು ಹೇಳಿದ ಮಾತು ರಸ್ತೆಯಲ್ಲಿ ತಪಾಸಣೆಯಾದಾಗ ಮಾಲೀಕರ ನೆರವಿಗೆ ಬರುವುದಿಲ್ಲ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದ ಬದಲಾವಣೆಯಿಂದ ವಾಹನ ನಷ್ಟದ ಬೇಡಿಕೆ ತಿರಸ್ಕೃತವಾಗುವ ಸಂಭವವೂ ಉಂಟು. ತಯಾರಕರ ವಾರಂಟಿಯೂ ಕೈತಪ್ಪಬಹುದು. ವೇಗದ ಹಂಬಲವುಳ್ಳವರಿಗೆ ಸೂಕ್ತ ಸ್ಥಳ ಸ್ಪರ್ಧಾಪಥವೇ ಹೊರತು ಸಾರ್ವಜನಿಕ ರಸ್ತೆಯಲ್ಲ. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಗ್ರೇಟರ್ ನೊಯ್ಡಾದ ಬುದ್ಧ ಅಂತರರಾಷ್ಟ್ರೀಯ ಪಥಗಳು ಇದಕ್ಕಾಗಿಯೇ ನಿರ್ಮಾಣಗೊಂಡವು.

ಕೆಲಸ ಒಪ್ಪಿಸುವ ಮುನ್ನ

ಅನುಮತಿಯಿರುವ ಕೆಲಸವನ್ನೇ ಮಾಡಿಸುವಾಗಲೂ ಕೆಳಗಿನ ಎಚ್ಚರಿಕೆಗಳನ್ನು ವಹಿಸುವುದು ಅಗತ್ಯ.

1. ಉದ್ದೇಶಿತ ಬದಲಾವಣೆಗೆ ಅನುಮತಿ ಬೇಕೇ ಎಂಬುದನ್ನು ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ಮೊದಲೇ ವಿಚಾರಿಸಬೇಕು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು.

2. ಯಾವ ಭಾಗ, ಯಾರ ತಯಾರಿಕೆ, ಎಷ್ಟು ಬೆಲೆ, ಎಷ್ಟು ಕೂಲಿ, ಎಷ್ಟು ಅವಧಿಯ ಖಾತರಿ ಎಂಬುದನ್ನು ಬಿಡಿಬಿಡಿಯಾಗಿ ಬರೆದ ಅಂದಾಜು ಪಟ್ಟಿಯನ್ನು ಸಹಿಯೊಂದಿಗೆ ಪಡೆಯಬೇಕು. ಹಣವನ್ನು ಹಂತಹಂತವಾಗಿ, ರಸೀದಿ ಪಡೆದೇ ಕೊಡಬೇಕು.

3. ಶಕ್ತಿ ಹೆಚ್ಚಿದೆಯೆಂಬ ಮಾತನ್ನು ಅಳತೆಯಿಂದ ಸಿದ್ಧಪಡಿಸುವಂತೆ ಕೇಳಬೇಕು. ಕೆಲಸಕ್ಕೆ ಮುನ್ನ ಮತ್ತು ನಂತರ ಅದೇ ಡೈನೋ ಯಂತ್ರದ ಮೇಲೆ ಪರೀಕ್ಷಿಸಿದ ಅಂಕಿಗಳನ್ನು ಮಾತ್ರ ಹೋಲಿಸಬಹುದು. ಚಕ್ರದಲ್ಲಿ ಅಳೆದ ಶಕ್ತಿಯು ಇಂಜಿನಿನಲ್ಲಿ ಅಳೆದುದಕ್ಕಿಂತ ಕಡಿಮೆಯಿರುತ್ತದೆಂಬುದನ್ನು ನೆನಪಿಡಬೇಕು.

4. ತೆಗೆದ ಹಳೆಯ ಭಾಗಗಳನ್ನು ಮರಳಿ ಪಡೆಯಬೇಕು. ಇ.ಸಿ.ಯು.ವಿನ ಮೂಲ ಅಂಕಿಗಳ ಪ್ರತಿಯನ್ನೂ ಕೇಳಿ ಪಡೆಯಬೇಕು.

5. ಕೆಲಸ ನಡೆಯುವಾಗ ಒಳಭಾಗದ ಛಾಯಾಚಿತ್ರಗಳನ್ನು ತೆಗೆದಿಡಬೇಕು. ಮುಚ್ಚಿದ ಮೇಲೆ ಬೆಸುಗೆಯೂ ಕಾಣದು, ವೈರಿನ ಜೋಡಣೆಯೂ ಕಾಣದು.

ಪರಿಹಾರದ ದಾರಿ

ದೋಷ ಕಂಡುಬಂದಾಗ ಬಹುತೇಕರು ಕಾರನ್ನು ಅದೇ ಗ್ಯಾರೇಜಿಗೆ ಒಯ್ದು ಬಿಚ್ಚಿಸುತ್ತಾರೆ. ಇದರಿಂದ ಸಾಕ್ಷ್ಯವೇ ನಾಶವಾಗುತ್ತದೆ. ಬಿಚ್ಚುವ ಮುನ್ನ ಬೇರೊಬ್ಬ ಅರ್ಹ ತಂತ್ರಜ್ಞರಿಂದ ಅಥವಾ ವಾಹನ ಸರ್ವೇಯರರಿಂದ ಲಿಖಿತ ವರದಿ ಪಡೆಯುವುದು ಉತ್ತಮ. ಅನಂತರ ದೋಷವನ್ನು ವಿವರಿಸಿ, ಸರಿಪಡಿಸಲು ನಿಗದಿತ ಕಾಲಾವಕಾಶ ಕೊಟ್ಟು, ಗ್ಯಾರೇಜಿಗೆ ಲಿಖಿತ ತಿಳಿವಳಿಕೆ ಕಳುಹಿಸಬೇಕು.

ಇದರಿಂದ ಫಲ ದೊರೆಯದಿದ್ದರೆ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಆಶ್ರಯ ಪಡೆಯಬಹುದು. ಹಣ ಪಡೆದು ಮಾಡಿದ ಕೆಲಸದ ಗುಣಮಟ್ಟದಲ್ಲಿ ಕೊರತೆಯಿದ್ದರೆ ಅದು ಸೇವಾ ನ್ಯೂನತೆಯೆನಿಸುತ್ತದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ದೂರನ್ನು ಜಿಲ್ಲಾ ಆಯೋಗಕ್ಕೆ ಸಲ್ಲಿಸಬೇಕು. 5 ಲಕ್ಷದವರೆಗೆ ಶುಲ್ಕವಿಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ನೀಡಬಹುದೆಂಬುದು ಉದ್ಯೋಗನಿಮಿತ್ತ ಊರಿಂದೂರಿಗೆ ಹೋಗುವವರಿಗೆ ಬಹಳ ಉಪಯುಕ್ತವಾದ ಅಂಶ. ಪುಣೆಯಲ್ಲಿ ಕೆಲಸ ಮಾಡಿಸಿ ಹೈದರಾಬಾದಿಗೆ ವರ್ಗವಾದವರು ಪುಣೆಗೆ ಅಲೆಯಬೇಕಾಗಿಲ್ಲ. ದೂರನ್ನು ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಅದಕ್ಕೂ ಮುನ್ನ ಸಲಹೆ ಬೇಕಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಅಲ್ಲಿ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ನೆರವು ದೊರೆಯುತ್ತದೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮಾಡಿಸಿದ ಬದಲಾವಣೆಯೇ ಕಾನೂನಿಗೆ ವಿರುದ್ಧವಾಗಿದ್ದರೆ ಗ್ರಾಹಕರ ವಾದ ಬಹಳ ದುರ್ಬಲವಾಗುತ್ತದೆ. ಕಾನೂನಿನ ಮಿತಿಯನ್ನು ಪಾಲಿಸುವುದು ದಂಡದಿಂದ ಪಾರಾಗುವುದಕ್ಕೆ ಮಾತ್ರವಲ್ಲ, ತನ್ನ ಹಕ್ಕನ್ನು ಉಳಿಸಿಕೊಳ್ಳುವುದಕ್ಕೂ ಅವಶ್ಯಕ.

ಕಾರಿನ ಶಕ್ತಿಯನ್ನು ಹೆಚ್ಚಿಸುವುದು ಒಂದು ವಿದ್ಯೆ. ಆ ವಿದ್ಯೆಯನ್ನು ನಿಷ್ಠೆಯಿಂದ ಕಲಿತವರು ಅಳೆಯುತ್ತಾರೆ, ಬರೆದಿಡುತ್ತಾರೆ, ಕೇಳಿದವರಿಗೆ ತೋರಿಸುತ್ತಾರೆ. ಬರವಣಿಗೆಗೆ ಹಿಂಜರಿಯುವವರ ಕೈಗೆ ಕಾರನ್ನು ಒಪ್ಪಿಸದಿರುವುದೇ ಗ್ರಾಹಕರು ವಹಿಸಬಹುದಾದ ಮೊದಲ ಎಚ್ಚರಿಕೆ.