ಜೀಪಿನ ಮುಂದಿನ ಅಚ್ಚಿನಲ್ಲಿ ಎಣ್ಣೆಯ ಸೋರಿಕೆ

ಎತ್ತಿನ ಗಾಡಿಯ ಕೀಲೆಣ್ಣೆಯು ಹೊರಕ್ಕೆ ಒಸರಿ ಗಾಲಿಯ ನಡುವೆ ಕರಿಯ ಜಿಡ್ಡು ಕಟ್ಟಿದ್ದರೆ ಹಿಂದೆ ಯಾರೂ ಅದನ್ನು ದೋಷವೆಂದು ಎಣಿಸುತ್ತಿರಲಿಲ್ಲ. ಗಾಡಿಯವನು ಎಣ್ಣೆ ಹಾಕಿದ್ದಾನೆಂಬುದಕ್ಕೆ ಅದೇ ಸಾಕ್ಷಿಯಾಗಿತ್ತು. ಈ ಭಾವನೆಯು ಜೀಪಿನ ವಿಷಯದಲ್ಲಿಯೂ ಉಳಿದುಬಂದಿರುವುದು ಅಪಾಯಕರವಾದುದು. ಗಾಡಿಯ ಕೀಲಿನ ಬಳಿ ಬ್ರೇಕಿಲ್ಲ. ಜೀಪಿನ ಗಾಲಿಯೊಳಗೆ ಬ್ರೇಕಿದೆ. ಮುಂದಿನ ಅಚ್ಚಿನಿಂದ ಸೋರಿದ ಎಣ್ಣೆಯು ಬ್ರೇಕಿನ ಡ್ರಮ್ಮನ್ನು ಸೇರಿತೆಂದರೆ ಆ ಗಾಲಿಯು ಹಿಡಿತ ತಪ್ಪುವುದು. ಆಗ ಬ್ರೇಕನ್ನೊತ್ತಿದೊಡನೆ ವಾಹನವು ಎಣ್ಣೆ ತಗಲದ ಗಾಲಿಯ ಕಡೆಗೆ ಎಳೆಯುವುದು. ಕೂಲಿಯಾಳುಗಳನ್ನು ಕುಳ್ಳಿರಿಸಿಕೊಂಡು ತೋಟದ ಇಳಿಜಾರಿನಲ್ಲಿ ಬರುವಾಗ ಹೀಗಾದರೆ ಪರಿಣಾಮವೇನೆಂಬುದನ್ನು ಮಲೆನಾಡಿನ ಜಮೀನುದಾರರಿಗೆ ವಿವರಿಸಬೇಕಾದುದಿಲ್ಲ.

ನಾಲ್ಕು ಗಾಲಿಗಳಿಗೂ ಚಾಲನೆಯುಳ್ಳ ವಿಲ್ಲಿಸ್ ಜೀಪು ೧೯೪೧ರಲ್ಲಿ ಅಮೆರಿಕದಲ್ಲಿ ಸೈನ್ಯಕ್ಕಾಗಿ ತಯಾರಾಯಿತು. ೧೯೪೦ರ ದಶಕದ ಕೊನೆಯ ಭಾಗದಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆಯವರು ಅದನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ಅದೇ ಮಾದರಿಯ ಹಳೆಯ ಜೀಪುಗಳು ಕೊಡಗು, ಚಿಕ್ಕಮಗಳೂರು ಪ್ರಾಂತಗಳ ಕಾಫಿ ತೋಟಗಳಲ್ಲಿ ಇನ್ನೂ ದುಡಿಯುತ್ತಿವೆ. ಇವುಗಳ ಮುಂದಿನ ಅಚ್ಚಿನ ಎರಡು ತುದಿಗಳಲ್ಲಿಯೂ ಉಕ್ಕಿನ ಟೊಳ್ಳು ಗೋಳವೊಂದಿರುತ್ತದೆ. ಗಾಲಿಗೆ ಚಾಲನೆ ಕೊಡುವ ದಂಡವು ಈ ಗೋಳದೊಳಗೆ ಒಂದು ಕೀಲಿನ ಮೂಲಕ ಬಾಗಿ ತಿರುಗುತ್ತದೆ. ಇಲ್ಲಿ ಹೇಳುವುದೆಲ್ಲವೂ ಈ ಬಗೆಯ ಅಚ್ಚನ್ನು ಕುರಿತದ್ದು. ಗೋಳವಿಲ್ಲದೆ ಕೀಲು ಹೊರಗೆ ಕಾಣುವ ಈಚಿನ ವಾಹನಗಳಲ್ಲಿ ಸೀಲಿನ ಸ್ಥಾನ ಬೇರೆ, ಬಿಚ್ಚುವ ಕ್ರಮವೂ ಬೇರೆ.

ಎಣ್ಣೆಯನ್ನು ತಡೆಯಲು ಇಲ್ಲಿ ಮೂರು ಕಟ್ಟೆಗಳಿವೆ. ಮೊದಲನೆಯದು ಅಚ್ಚಿನ ನಳಿಕೆಯೊಳಗೆ ದಂಡವನ್ನು ಸುತ್ತಿಕೊಂಡಿರುವ ಆಯಿಲ್ ಸೀಲು. ಇದು ನಡುವಿನ ಗೇರುಪೆಟ್ಟಿಗೆಯ ಎಣ್ಣೆಯು ಗೋಳಕ್ಕೆ ನುಗ್ಗದಂತೆ ತಡೆಯುತ್ತದೆ. ಎರಡನೆಯದು ಗೋಳದ ಹೊರಮೈಯನ್ನು ಒರಸುತ್ತಿರುವ ಫೆಲ್ಟಿನ ಅಥವಾ ರಬ್ಬರಿನ ಪಟ್ಟಿ. ಮೂರನೆಯದು ಹಬ್ಬಿನೊಳಗಿನ ಗ್ರೀಸ್ ಸೀಲು. ಎಣ್ಣೆಯು ಕಣ್ಣಿಗೆ ಬೀಳುವುದು ಎರಡನೆಯ ಅಥವಾ ಮೂರನೆಯ ಕಟ್ಟೆಯನ್ನು ದಾಟಿದ ಮೇಲೆ. ಆದುದರಿಂದಲೇ ಅನೇಕರು ಗೋಳದ ಪಟ್ಟಿಯನ್ನು ಮಾತ್ರ ಬದಲಾಯಿಸಿ, ತಿಂಗಳೊಳಗೆ ಮತ್ತೆ ಸೋರಿತೆಂದು ಪಟ್ಟಿಯನ್ನು ಮಾರಿದವನನ್ನು ದೂರುವುದುಂಟು. ಕೆರೆಯ ಏರಿ ಒಡೆದಿರುವಾಗ ಗದ್ದೆಯ ಬದುವಿಗೆ ಮಣ್ಣು ಹಾಕಿದಂತೆ ಇದು.

ಮೂಲವನ್ನು ಕಂಡುಕೊಳ್ಳುವುದು ಕಷ್ಟವಲ್ಲ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಗೇರುಪೆಟ್ಟಿಗೆಯ ಎಣ್ಣೆಯ ಮಟ್ಟವನ್ನು ನೋಡತಕ್ಕದ್ದು. ಅದು ತುಂಬುವ ರಂಧ್ರದ ಕೆಳಅಂಚಿಗೆ ಮುಟ್ಟಿರಬೇಕು. ಬಳಿಕ ಗೋಳದ ಭಾಗಕ್ಕೆ ಗ್ರೀಸ್ ತುಂಬುವ ಬಿರಡೆಯನ್ನು ತೆಗೆಯತಕ್ಕದ್ದು. ಒಳಗೆ ಗಟ್ಟಿಯಾದ ಗ್ರೀಸಿಗೆ ಬದಲು ತೆಳ್ಳನೆಯ ದ್ರವವಿದ್ದು, ಪೆಟ್ಟಿಗೆಯ ಎಣ್ಣೆಯೂ ಇಳಿದಿದ್ದರೆ ಒಳಗಿನ ಸೀಲು ಕೆಟ್ಟಿದೆಯೆಂದೇ ತಿಳಿಯಬೇಕು. ಡ್ರಮ್ಮಿನೊಳಗೆ ಒದ್ದೆಯಿದ್ದು ಬ್ರೇಕ್ ದ್ರವದ ಪಾತ್ರೆಯ ಮಟ್ಟ ಇಳಿದಿದ್ದರೆ ಆ ಸೋರಿಕೆಯು ಬ್ರೇಕಿನ ಸಿಲಿಂಡರಿನದು, ಅಚ್ಚಿನದಲ್ಲ. ಗೇರ್ ಎಣ್ಣೆಯು ಮಂದವಾಗಿದ್ದು ಗಂಧಕದ ಕಟುವಾಸನೆಯನ್ನು ಬೀರುವುದರಿಂದ ಇವೆರಡರ ಭೇದವು ಬೆರಳಿಗೂ ಮೂಗಿಗೂ ತಿಳಿಯುವಂತಹುದು.

ಸೀಲು ಕೆಡುವುದೇಕೆ? ಸವೆತವೊಂದೇ ಕಾರಣವಲ್ಲ. ಅಚ್ಚಿನ ಮೇಲೆ ಗಾಳಿಯಾಡಲೆಂದು ಬ್ರೀದರ್ ಎಂಬ ಸಣ್ಣ ಮುಚ್ಚಳವಿರುತ್ತದೆ. ತೋಟದ ಕೆಸರು ಒಣಗಿ ಇದನ್ನು ಮುಚ್ಚಿಬಿಡುವುದು ಬಹಳ ಸಾಮಾನ್ಯ. ಆಗ ಓಟದಲ್ಲಿ ಬಿಸಿಯಾಗಿ ಹಿಗ್ಗಿದ ಗಾಳಿಯು ದಾರಿ ಕಾಣದೆ ಎಣ್ಣೆಯನ್ನು ಸೀಲಿನ ತುಟಿಯಾಚೆಗೆ ನೂಕುತ್ತದೆ. ಬಿಸಿಯಾದ ಅಚ್ಚು ಹಳ್ಳದ ನೀರಿನಲ್ಲಿ ಮುಳುಗಿದಾಗ ಇದಕ್ಕೆ ವಿರುದ್ಧವಾಗಿ ಒಳಗಿನ ಗಾಳಿ ಕುಗ್ಗಿ ನೀರನ್ನೇ ಒಳಗೆ ಸೆಳೆದುಕೊಳ್ಳುತ್ತದೆ. ಪೆಟ್ಟಿಗೆಯಿಂದ ಹಾಲು ಬೆರೆಸಿದ ಕಾಫಿಯ ಬಣ್ಣದ ಎಣ್ಣೆ ಬಂದರೆ ನೀರು ಹೊಕ್ಕಿದೆಯೆಂದರ್ಥ. ಆ ಎಣ್ಣೆಯನ್ನು ಪೂರ್ಣವಾಗಿ ಚೆಲ್ಲಿ ಹೊಸದನ್ನು ತುಂಬಲೇಬೇಕು. ಬ್ರೀದರನ್ನು ಶುಚಿಗೊಳಿಸದೆ ಸೀಲು ಬದಲಾಯಿಸುವುದು ಹಣವನ್ನು ಹೊಳೆಗೆ ಹಾಕಿದಂತೆಯೇ ಸರಿ.

ಇನ್ನೊಂದು ತಪ್ಪು ಗ್ರಹಿಕೆಯಿದೆ. ನಾಲ್ಕು ಗಾಲಿಯ ಚಾಲನೆಯನ್ನು ಮಳೆಗಾಲದಲ್ಲಷ್ಟೇ ಉಪಯೋಗಿಸುವುದರಿಂದ ಮುಂದಿನ ಅಚ್ಚು ಸವೆಯುವುದಿಲ್ಲವೆಂದು ಕೆಲವರು ಭಾವಿಸುತ್ತಾರೆ. ಗಾಲಿಗೂ ದಂಡಕ್ಕೂ ಕಾಯಂ ಜೋಡಣೆಯುಳ್ಳ ಜೀಪುಗಳಲ್ಲಿ ಚಾಲನೆ ಕೊಡದಿದ್ದರೂ ಗಾಲಿಯೊಡನೆ ದಂಡವು ತಿರುಗುತ್ತಲೇ ಇರುವುದು. ಸೀಲೂ ಸವೆಯುತ್ತಲೇ ಇರುವುದು.

ದುರಸ್ತಿಯನ್ನು ನುರಿತ ಮೆಕ್ಯಾನಿಕನಿಂದಲೇ ಮಾಡಿಸಬೇಕು. ಆದರೂ ಯಜಮಾನರು ಎದುರಿಗೆ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ಹಿಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗವನ್ನೆತ್ತಿ, ಅಚ್ಚಿನ ಕೆಳಗೆ ಭದ್ರವಾದ ಆಧಾರಗಳನ್ನಿಡಬೇಕು. ಜಾಕಿಯೊಂದನ್ನೇ ನಂಬಿ ಯಾರನ್ನೂ ಕೆಳಗೆ ಮಲಗಗೊಡಬಾರದು. ಗಾಲಿ, ಹಬ್ಬು, ಡ್ರಮ್ಮುಗಳನ್ನು ಕಳಚಿದಾಗ ಕಾಣುವ ಧೂಳನ್ನು ಬಾಯಿಂದ ಊದಬಾರದು. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುವುದುಂಟು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆಬಟ್ಟೆಯಿಂದ ಒರಸುವುದೇ ಕ್ಷೇಮ. ಬ್ರೇಕಿನ ಫಲಕವನ್ನು ಬಿಚ್ಚಿದ ಮೇಲೆ ಅದರ ಭಾರವು ಬ್ರೇಕಿನ ಕೊಳವೆಯ ಮೇಲೆ ಬೀಳದಂತೆ ತಂತಿಯಿಂದ ಕಟ್ಟಿರಬೇಕು. ಕೊಳವೆಯನ್ನೇ ಬಿಚ್ಚಿದ್ದರೆ ಕೊನೆಯಲ್ಲಿ ಅದರೊಳಗಿನ ಗಾಳಿಯನ್ನು ತೆಗೆಯಿಸಬೇಕು.

ದಂಡವು ಹೊರಬಂದ ಮೇಲೆ ಸೀಲು ಕೂರುವ ಜಾಗದಲ್ಲಿ ಉಗುರಾಡಿಸಿ ನೋಡುವುದು ಮುಖ್ಯ. ಉಗುರಿಗೆ ಸಿಕ್ಕುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಅಲ್ಲಿ ಬಾಳದು. ದಂಡಕ್ಕೆ ತೆಳುವಾದ ಉಕ್ಕಿನ ತೋಳು ಹಾಕಿಸಬೇಕು, ಇಲ್ಲವೆ ದಂಡವನ್ನೇ ಬದಲಾಯಿಸಬೇಕು. ಗೋಳದ ಮೈ ತುಕ್ಕುಹಿಡಿದು ಹಳ್ಳಬಿದ್ದಿದ್ದರೆ ಅದು ಹೊಸ ಪಟ್ಟಿಯನ್ನು ಅರದಂತೆ ಉಜ್ಜಿಹಾಕುವುದು. ಕಿಂಗ್‌ಪಿನ್ನಿನ ಬೇರಿಂಗು ಸಡಿಲವಾಗಿದ್ದರೂ ಗೋಳವು ಅತ್ತಿತ್ತ ಅಲುಗಿ ಪಟ್ಟಿಯು ಒಂದೇ ಕಡೆ ಸವೆಯುವುದು. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ತುಟಿಯ ಸ್ಪ್ರಿಂಗಿನ ಭಾಗವು ಎಣ್ಣೆಯ ಕಡೆಗೆ ಇರುವಂತೆ, ಎಲ್ಲ ಕಡೆಯೂ ಸಮನಾಗಿ ಒತ್ತಿ ಕೂರಿಸಬೇಕು. ಒಂದು ಪಕ್ಕದಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದ ಸೀಲು ಅಂದೇ ಕೆಟ್ಟಂತೆ. ದಂಡವನ್ನು ಮತ್ತೆ ಸೇರಿಸುವಾಗ ಅದರ ಹಲ್ಲುಗಳು ತುಟಿಯನ್ನು ಕೊಯ್ಯದಂತೆ ಎತ್ತಿಹಿಡಿಯಬೇಕು. ಅವಸರದ ಕೈಯಲ್ಲಿ ಹೊಸ ಸೀಲು ಹಾಳಾಗುವುದು ಬಹುಮಟ್ಟಿಗೆ ಇಲ್ಲಿಯೇ.

ಎಣ್ಣೆ ಕುಡಿದ ಬ್ರೇಕ್ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಬೆಂಕಿಗೆ ಹಿಡಿದು ಮತ್ತೆ ಹಾಕುವ ಪದ್ಧತಿಯೊಂದು ಕೆಲವೆಡೆ ಇದೆ. ಇದನ್ನು ಖಂಡಿತವಾಗಿ ಒಪ್ಪಕೂಡದು. ಹೀರಿಕೊಂಡ ಎಣ್ಣೆಯು ಡ್ರಮ್ಮು ಕಾದೊಡನೆ ಮತ್ತೆ ಮೇಲಕ್ಕೆ ಬರುವುದು. ಎರಡು ಮುಂಗಾಲಿಗಳ ಲೈನಿಂಗನ್ನೂ ಒಟ್ಟಿಗೆ ಬದಲಾಯಿಸಿದರೆ ಮಾತ್ರ ಹಿಡಿತವು ಸಮನಾಗುವುದು.

ಕಾಫಿ ಕೊಯ್ಲಿನ ದಿನಗಳಲ್ಲಿ ಜೀಪನ್ನು ನಿಲ್ಲಿಸಲಾಗದೆಂಬುದು ನಿಜವೇ. ಕೊಯ್ಲು ಮುಗಿದು ಮುಂಗಾರು ಹಿಡಿಯುವುದಕ್ಕೆ ಮೊದಲು, ಏಪ್ರಿಲ್ ಮೇ ತಿಂಗಳುಗಳಲ್ಲಿ, ಈ ಕೆಲಸಕ್ಕೆ ಅವಕಾಶ ದೊರೆಯುವುದು. ಆದರೆ ಡ್ರಮ್ಮಿನೊಳಗೆ ಎಣ್ಣೆ ಕಂಡ ವಾಹನಕ್ಕೆ ಈ ಕಾಲಾವಕಾಶವು ಸಲ್ಲದು. ಅದನ್ನು ಅಂದೇ ನಿಲ್ಲಿಸತಕ್ಕದ್ದು. ದುರಸ್ತಿಯಾದ ಮೇಲೆ ಎರಡು ಮೂರು ದಿನ ಓಡಿಸಿ, ರಾತ್ರಿ ಮುಂಗಾಲಿಗಳ ಕೆಳಗೆ ಹಳೆಯ ಕಾಗದವನ್ನು ಹಾಸಿ ನಿಲ್ಲಿಸಿದರೆ, ಕೆಲಸ ಸರಿಯಾಗಿದೆಯೋ ಇಲ್ಲವೋ ಎಂಬುದು ಬೆಳಗ್ಗೆ ಕಾಗದದ ಮೇಲೆಯೇ ಕಾಣುವುದು.